ನೋಡೋಕೆ ಚೆನ್ನಾಗೇ ಇದ್ದಾಳಲ್ಲ, ನಾಯಿ ಯಾಕೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ದಾವಣಗೆರೆಯವಳು. ಮಗಳಿಗೆ 27 ವರ್ಷ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಕೆಲಸದಲ್ಲಿದ್ದಾಳೆ. ಹನ್ನೊಂದನೇ ವಯಸ್ಸಿನಿಂದ ಟೈಪ್ 1 ಶುಗರ್, ದಿನಾ ಇನ್ಸುಲಿನ್ ಬೇಕು. ರಾತ್ರಿ ಮಲಗಿದಾಗ ಶುಗರ್ ಇಳಿದರೆ ಅವಳಿಗೆ ಎಚ್ಚರವೇ ಆಗುವುದಿಲ್ಲ. ಅದಕ್ಕೇ ತರಬೇತಿ ಪಡೆದ ಒಂದು ಲ್ಯಾಬ್ರಡಾರ್ ಇಟ್ಟುಕೊಂಡಿದ್ದಾಳೆ. ಅದು ಮೂಗಿನಿಂದ ತಿವಿದು ಎಬ್ಬಿಸುತ್ತದೆ. ಮುಂದಿನ ತಿಂಗಳು ಬೇರೆ ಅಪಾರ್ಟ್‌ಮೆಂಟಿಗೆ ಹೋಗಬೇಕು. ಅಲ್ಲಿಯ ಮ್ಯಾನೇಜರ್ ‘ಇಲ್ಲಿ ನಾಯಿ ಸಾಕುವಂತಿಲ್ಲ, ನೀವು ನೋಡೋಕೆ ಚೆನ್ನಾಗೇ ಇದ್ದೀರಲ್ಲ’ ಅಂದರಂತೆ. ಆಮೇಲೆ 500 ಡಾಲರ್ ಡಿಪಾಸಿಟ್, ತಿಂಗಳಿಗೆ 60 ಡಾಲರ್ ನಾಯಿ ಬಾಡಿಗೆ ಕೊಟ್ಟರೆ ನೋಡೋಣ ಅಂದರಂತೆ. ಡಾಕ್ಟರ ಪತ್ರ ಕೊಡುತ್ತೇನೆ ಅಂತ ಮಗಳ ಹಟ. ನಾನು ಬೇಡ ಅಂದೆ. ಅಲ್ಲೆಲ್ಲಾ ನಮ್ಮವರೇ ಇದ್ದಾರೆ, ಸಂಬಂಧ ನೋಡುತ್ತಿದ್ದೇವೆ, ವಿಷಯ ಹಬ್ಬಿದರೆ ಕಷ್ಟ. ದುಡ್ಡು ಕೊಟ್ಟು ಸುಮ್ನೆ ಇದ್ದುಬಿಡು ಅಂದೆ. ನಾನು ಹೇಳಿದ್ದು ತಪ್ಪಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಕ್ಕಾ, ದುಡ್ಡು ಕೊಡುವುದು ಬೇಡ. ಮಗಳು ಪತ್ರ ಕೊಡಲಿ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನನ್ನ ಅಮ್ಮನೂ ನನಗೆ ಇದೇ ಮಾತು ಹೇಳಿದ್ದರು, ನಾನು ಕೇಳಿದೆ, ಆಮೇಲೆ ತುಂಬ ಕಷ್ಟಪಟ್ಟೆ.

ನನಗೆ ಫಿಟ್ಸ್ ಬರುತ್ತದೆ. ಸ್ಯಾನ್ ಹೋಸೆಯಲ್ಲಿ ಒಂಬತ್ತು ವರ್ಷ ಬಾಡಿಗೆ ಮನೆಯಲ್ಲಿದ್ದೆವು. ಚಿನ್ನಿ ಅಂತ ನನ್ನ ನಾಯಿ. ಫಿಟ್ಸ್ ಬರುವುದು ಅವಳಿಗೆ ಮೊದಲೇ ಗೊತ್ತಾಗುತ್ತಿರಲಿಲ್ಲ. ಬಂದ ಮೇಲೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದಳು. ಅಡುಗೆಮನೆ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ದೊಡ್ಡದೊಂದು ನೀಲಿ ಬಟನ್ ಹಾಕಿಸಿದ್ದೆವು. ನಾನು ಬಿದ್ದರೆ ಓಡಿ ಹೋಗಿ ಅದನ್ನು ಮೂಗಿನಿಂದ ಒತ್ತುತ್ತಿದ್ದಳು, ನಮ್ಮ ಯಜಮಾನರ ಫೋನ್ ರಿಂಗ್ ಆಗುತ್ತಿತ್ತು. ಆಮೇಲೆ ಬಂದು ನನ್ನ ಬೆನ್ನಿಗೆ ಒತ್ತಿ ಮಲಗುತ್ತಿದ್ದಳು. ಎಚ್ಚರವಾದಾಗ ಮೊದಲು ಗೊತ್ತಾಗುತ್ತಿದ್ದದ್ದು ಬೆನ್ನಿಗೆ ತಾಗಿದ ಆ ಬಿಸಿ. ಎಲ್ಲಿದ್ದೇನೆ, ಇವತ್ತು ಯಾವ ವಾರ, ಅದೆಲ್ಲ ನೆನಪಾಗೋದಕ್ಕೆ ಇನ್ನೂ ಹೊತ್ತು ಬೇಕಾಗುತ್ತಿತ್ತು.

ಫಿಟ್ಸ್ ಅಂತ ಯಾರಿಗೂ ತಿಳಿಯಬಾರದು ಅಂತ ಚಿನ್ನಿಯನ್ನು ಸಾಕುನಾಯಿ ಅಂತಲೇ ಅಗ್ರಿಮೆಂಟಿನಲ್ಲಿ ಬರೆಸಿದೆ. ಮೂರು ವರ್ಷ ನಾಯಿ ಬಾಡಿಗೆ ಕಟ್ಟಿದೆ. ಆಮೇಲೆ ಮ್ಯಾನೇಜರ್ ಬದಲಾದರು. 25 ಪೌಂಡಿಗಿಂತ ಜಾಸ್ತಿ ತೂಕದ ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ ಅಂತ ಹೊಸ ನಿಯಮ ಬಂತು. ಹತ್ತು ದಿನದಲ್ಲಿ ನಾಯಿಯನ್ನು ಕಳಿಸಿ ಅಂತ ಬಾಗಿಲಿಗೆ ಚೀಟಿ ಅಂಟಿಸಿದರು. ಚಿನ್ನಿಯ ತೂಕ 58 ಪೌಂಡ್. ನೋಡಿ ಅಕ್ಕಾ, ನೀವು ದುಡ್ಡು ಕಟ್ಟಿದ ದಿನವೇ ಆ ನಾಯಿ ಕಾಗದದಲ್ಲಿ ಸಾಕುಪ್ರಾಣಿ ಆಗಿಬಿಡುತ್ತದೆ. ಸಾಕುಪ್ರಾಣಿಗೆ ಅವರು ಮಾಡಿದ ನಿಯಮವೆಲ್ಲ ಅದಕ್ಕೂ ಬಂದು ಬೀಳುತ್ತದೆ. ಅವತ್ತು ರಾತ್ರಿ ಕೂತು ನಾನು ಪತ್ರ ಬರೆದೆ, ಡಾಕ್ಟರ ಹತ್ತಿರವೂ ಬರೆಸಿದೆ. ನೋಟಿಸ್ ವಾಪಸ್ ಆಯಿತು, ನಾಯಿ ಬಾಡಿಗೆಯೂ ನಿಂತಿತು. ಮೊದಲೇ ಕೊಟ್ಟಿದ್ದರೆ ಆ ಹತ್ತು ದಿನದ ಸಂಕಟ ಇರುತ್ತಿರಲಿಲ್ಲ.

ಈಗ ಕಾನೂನು. ಅಮೆರಿಕದಲ್ಲಿ ಮನೆ ಬಾಡಿಗೆಯ ತಾರತಮ್ಯಕ್ಕೆ 1968ರ ಫೇರ್ ಹೌಸಿಂಗ್ ಕಾಯ್ದೆ ಇದೆ. ಅಂಗವೈಕಲ್ಯ ಅದರೊಳಗೆ ಸೇರಿದ್ದು 1988ರ ತಿದ್ದುಪಡಿಯಲ್ಲಿ. ಈ ಕಾಯ್ದೆಯ ನಿಯಮಾವಳಿ ಬಿಡಿಸಿ ಓದಿದರೆ ಡಯಾಬಿಟಿಸ್ ಹೆಸರು ಅಲ್ಲೇ ಇದೆ. ನನ್ನ ಫಿಟ್ಸ್, ಅಂದರೆ ಎಪಿಲೆಪ್ಸಿಯ ಹೆಸರೂ ಇದೆ. ಕಾಯಿಲೆ ಮೈಮೇಲೆ ಕಾಣಬೇಕು ಅಂತ ಎಲ್ಲೂ ಬರೆದಿಲ್ಲ. ಅಂಥವರು ಆ ಮನೆಯಲ್ಲಿ ಉಳಿದವರ ಹಾಗೆ ಬದುಕಲು ಒಂದು ನಿಯಮ ಅಡ್ಡ ಬಂದರೆ, ಅದನ್ನು ಸಡಿಲಿಸಿ ಅಂತ ಕೇಳುವ ಹಕ್ಕು ಇದೆ. ಅದಕ್ಕೆ ಅಲ್ಲಿ ‘ರೀಸನಬಲ್ ಅಕಾಮೊಡೇಷನ್’ ಅನ್ನುತ್ತಾರೆ. ನಿಮ್ಮ ಮಗಳು ಈ ಎರಡು ಪದಗಳನ್ನು ಪತ್ರದಲ್ಲಿ ಬರೆಯಲಿ. ಆ ಪದ ಕಂಡರೆ ಮ್ಯಾನೇಜರ್ ಪತ್ರವನ್ನು ಮೇಲಿನವರಿಗೆ ಕಳಿಸುತ್ತಾರೆ, ಸುಮ್ನೆ ಪಕ್ಕಕ್ಕೆ ಇಡುವುದಿಲ್ಲ. ಮಾಲೀಕರೇ ವಾಸ ಇರುವ, ನಾಲ್ಕು ಮನೆ ಮೀರದ ಚಿಕ್ಕ ಕಟ್ಟಡಗಳಿಗೆ ಕೇಂದ್ರದ ಕಾಯ್ದೆಯಲ್ಲಿ ಸ್ವಲ್ಪ ವಿನಾಯಿತಿ ಇದೆ. ಮ್ಯಾನೇಜರ್ ಕೂತಿರುವ ದೊಡ್ಡ ಕಾಂಪ್ಲೆಕ್ಸಿಗೆ ಅದು ಸಿಗುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನಂತೂ ಇನ್ನೂ ಬಿಗಿ.

ಸಹಾಯಕ ನಾಯಿ ಕಾನೂನಿನ ಕಣ್ಣಲ್ಲಿ ಸಾಕುಪ್ರಾಣಿ ಅಲ್ಲ. ಹಾಗಾಗಿ 500 ಡಾಲರೂ ಇಲ್ಲ, 60 ಡಾಲರೂ ಇಲ್ಲ. ತಳಿ, ತೂಕದ ನಿಯಮವನ್ನೂ ಅದರ ಮೇಲೆ ಹಾಕುವಂತಿಲ್ಲ. ಆದರೆ ನಾಯಿ ಬಾಗಿಲು ಕೆರೆದು ಹಾಳು ಮಾಡಿದರೆ ರಿಪೇರಿ ದುಡ್ಡನ್ನು ಮಾಮೂಲಿ ಡಿಪಾಸಿಟ್‌ನಲ್ಲಿ ಮುರಿದುಕೊಳ್ಳಬಹುದು. ಅದು ಯಾರನ್ನಾದರೂ ಕಚ್ಚಲು ಹೋದರೆ ಬೇಡ ಅನ್ನಲೂಬಹುದು. ಅದು ನ್ಯಾಯವೇ.

ಪತ್ರ ಉದ್ದ ಬೇಡ. ನನಗೆ ಅಂಗವೈಕಲ್ಯ ಇದೆ, ತರಬೇತಿ ಪಡೆದ ಸಹಾಯಕ ನಾಯಿ ನನ್ನ ಜೊತೆ ಇರಬೇಕು, ರಾತ್ರಿ ನನ್ನ ಆರೋಗ್ಯಕ್ಕೆ ಅಪಾಯವಾದಾಗ ಅದು ನನ್ನನ್ನು ಎಬ್ಬಿಸುತ್ತದೆ, ನಾಯಿ ನಿಷೇಧದ ನಿಯಮದಿಂದ ಮತ್ತು ಶುಲ್ಕದಿಂದ ವಿನಾಯಿತಿ ಕೊಡಿ. ಇಷ್ಟೇ. ಜೊತೆಗೆ ಡಾಕ್ಟರ ಪತ್ರ. ಅದರಲ್ಲೂ ಅಂಗವೈಕಲ್ಯ ಇದೆ, ಈ ನಾಯಿಯ ಅಗತ್ಯ ಇದೆ ಅಂತಿದ್ದರೆ ಸಾಕು. ಶುಗರ್ ಅನ್ನುವ ಪದವೇ ಬೇಕಿಲ್ಲ. ಇಲ್ಲಿ ಗಮನಿಸಿ ಅಕ್ಕಾ: ಕಾಣದ ಕಾಯಿಲೆಯಾದರೆ ಮ್ಯಾನೇಜರ್ ನಂಬಬಹುದಾದ ಒಂದು ಕಾಗದ ಕೇಳಬಹುದು. ಆದರೆ ರಿಪೋರ್ಟುಗಳನ್ನು ತನ್ನಿ, ಯಾವ ಕಾಯಿಲೆ, ಎಷ್ಟು ವರ್ಷದಿಂದ ಅಂತ ಕೆದಕುವಂತಿಲ್ಲ. ಕೊಟ್ಟದ್ದನ್ನು ಅಕ್ಕಪಕ್ಕದವರಿಗೆ ಹೇಳುವಂತಿಲ್ಲ. ನೀವು ಹೆದರಿದ ಆ ವಿಷಯ ಹಬ್ಬುವುದಕ್ಕೆ ಕಾನೂನೇ ಅಡ್ಡ ನಿಂತಿದೆ.

ಎಲ್ಲವೂ ಇಮೇಲ್‌ನಲ್ಲೇ ಆಗಲಿ. ಫೋನಿನಲ್ಲಿ ಮಾತಾಡಿದರೂ ಆಮೇಲೆ ‘ಇವತ್ತು ನೀವು ಹೀಗೆ ಹೇಳಿದಿರಿ’ ಅಂತ ಎರಡು ಸಾಲು ಕಳಿಸಲಿ. ಅಷ್ಟಾದರೂ ಆಗಲ್ಲ ಅಂದರೆ ಕೇಂದ್ರದ ವಸತಿ ಇಲಾಖೆಗೆ, ಅಲ್ಲಿನವರು ಹಡ್ ಅನ್ನುತ್ತಾರೆ, ಒಂದು ವರ್ಷದೊಳಗೆ ದೂರು ಕೊಡಬಹುದು. ಕ್ಯಾಲಿಫೋರ್ನಿಯಾದ ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟಿಗೂ ಕೊಡಬಹುದು. ದೂರಿಗೆ ಫೀಸ್ ಇಲ್ಲ, ವಕೀಲರೂ ಕಡ್ಡಾಯವಲ್ಲ.

ಒಂದು ಬಲೆಗೆ ಮಾತ್ರ ಅವಳು ಬೀಳಬಾರದು. ಇಂಟರ್‌ನೆಟ್‌ನಲ್ಲಿ ದುಡ್ಡು ಕಟ್ಟಿದರೆ ನಾಯಿಗೆ ಸರ್ಟಿಫಿಕೇಟ್, ಐಡಿ ಕಾರ್ಡ್, ಕೆಂಪು ಜಾಕೆಟ್ ಕಳಿಸುವವರು ಇದ್ದಾರೆ. ಸಹಾಯಕ ನಾಯಿಗಳಿಗೆ ಅಮೆರಿಕ ಸರ್ಕಾರದ ನೋಂದಣಿ ಪಟ್ಟಿ ಅಂತಲೇ ಇಲ್ಲ. ಆ ಕಾರ್ಡಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಮನಸ್ಸಿಗೆ ಆಸರೆಯಾಗಿ ಸಾಕುವ ನಾಯಿಗಳಿಗೆ ಹೀಗೆ ನಿಮಿಷದಲ್ಲಿ ಪತ್ರ ಮಾರುವುದು ಜಾಸ್ತಿಯಾಗಿತ್ತು. ಅದಕ್ಕೇ ಪತ್ರ ಬರೆಯುವ ವೈದ್ಯರಿಗೆ ಆ ವ್ಯಕ್ತಿಯ ಪರಿಚಯ ಕನಿಷ್ಠ 30 ದಿನದ್ದಾದರೂ ಇರಬೇಕು ಅಂತ ಕ್ಯಾಲಿಫೋರ್ನಿಯಾ 2022ರ ಜನವರಿಯಿಂದ ಕಾನೂನು ತಂದಿತು. ಸುಳ್ಳು ಜಾಕೆಟ್ ಹಾಕಿಸಿಕೊಂಡು ಬರುವ ಪ್ರತಿ ನಾಯಿಯಿಂದ ನಮ್ಮಂಥವರ ಮಾತಿನ ಮೇಲೆ ಜನರ ನಂಬಿಕೆ ಇನ್ನಷ್ಟು ಹೋಗುತ್ತದೆ. ನನಗೆ ಅದರ ಮೇಲೆ ನಿಜಕ್ಕೂ ಸಿಟ್ಟಿದೆ.

ನಾಯಿ ಇದೆ ಅಂತ ಶುಗರ್ ಅಳೆಯುವ ಸೆನ್ಸರ್ ತೆಗೆದಿಡುವುದು ಬೇಡ ಅಂತಲೂ ಮಗಳಿಗೆ ಹೇಳಿ. ನಾಯಿಗೂ ಸುಸ್ತಾಗುತ್ತದೆ, ಅದೂ ಗಾಢ ನಿದ್ದೆ ಮಾಡುತ್ತದೆ. ಎರಡೂ ಇರಲಿ.

ಇನ್ನು ಸಂಬಂಧದ ಮಾತು. ರಾತ್ರಿ ಮೂರು ಗಂಟೆಗೆ ನಾಯಿ ತಿವಿದು ಎಬ್ಬಿಸುತ್ತದೆ, ಅವಳು ಇಳಿದ ಶುಗರ್ ಏರಿಸೋಕೆ ಕತ್ತಲಲ್ಲೇ ಕೈಚಾಚಿ ಜ್ಯೂಸ್ ಡಬ್ಬಿ ಹುಡುಕುತ್ತಾಳೆ. ಮದುವೆಯಾಗಿ ಬರುವ ಹುಡುಗ ಅದೇ ಮಂಚದ ಮೇಲೆ ಇರುತ್ತಾನಲ್ವಾ? ಅವನಿಗೆ ಇದು ತಾಳಿ ಕಟ್ಟುವ ಮೊದಲೇ ಗೊತ್ತಿರಬೇಕು. ಅವಳಿಗೆ ಒಂದು ದಿನ ಆ ಡಬ್ಬಿ ಸಿಗದೇ ಹೋದರೆ ಎತ್ತಿ ಕೊಡುವವನು ಅವನೇ. ನೀವು ಹೇಳಿದ್ದು ಪ್ರೀತಿಯಿಂದಲೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಇವತ್ತು ಸಂಜೆ ಫೋನ್ ಮಾಡಿ, ‘ಪತ್ರ ಕೊಡು ಮಗಾ’ ಅನ್ನಿ. ನಮ್ಮಮ್ಮ ನನಗೆ ಅದನ್ನು ಹೇಳಿದ್ದು ಮೂರು ವರ್ಷ ತಡವಾಗಿ. ಆ ಫೋನು ನನಗೆ ಇನ್ನೂ ನೆನಪಿದೆ.

ಪ್ರಶ್ನೆ: ಬೆಂಗಳೂರಿನ ಜೆ.ಪಿ. ನಗರದಲ್ಲಿ ಒಂಬತ್ತನೇ ಮಹಡಿಯಲ್ಲಿದ್ದೇವೆ. 12 ವರ್ಷದ ಮಗನಿಗೆ ಆಟಿಸಂ. ನಾಯಿ ಜೊತೆಗಿದ್ದರೆ ಮಾತ್ರ ಲಿಫ್ಟ್ ಹತ್ತುತ್ತಾನೆ. ನಾಯಿ ಮೆಟ್ಟಿಲಲ್ಲೇ ಹೋಗಬೇಕು ಅಂತ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ತೀರ್ಮಾನ ಆಗಿದೆ. ಅಮೆರಿಕದ ಹಾಗೆ ಇಲ್ಲಿ ಕಾನೂನಿಲ್ಲವೇ?
— ಒಬ್ಬ ತಂದೆ, ಬೆಂಗಳೂರು

ಉತ್ತರ: ಅಷ್ಟು ನೇರವಾದದ್ದು ಇಲ್ಲ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ, ಆಟಿಸಂ ಅದರಲ್ಲಿದೆ. ತಾರತಮ್ಯ ಮಾಡಬಾರದು ಅಂತಲೂ ಇದೆ. ಸಹಾಯಕ ನಾಯಿಯ ಮಾತು ಮಾತ್ರ ಇಲ್ಲ. ಅದು ದೊಡ್ಡ ಕೊರತೆ. ಆದರೆ ನಿಮ್ಮ ಲಿಫ್ಟಿನ ಜಗಳಕ್ಕೆ ಇನ್ನೊಂದು ದಾರಿ ಇದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಬಹುಮತದ ತೀರ್ಮಾನ ಮಾಡಿದರೂ ಅಸೋಸಿಯೇಷನ್ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬೇಡ ಅನ್ನುವಂತಿಲ್ಲ, ಅದಕ್ಕೆ ಬೇರೆ ದುಡ್ಡೂ ಕೇಳುವಂತಿಲ್ಲ ಅಂತ ಅದು ಹೇಳುತ್ತದೆ. ಅದರ ಪ್ರತಿ, ಮಗನ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ), ನಾಯಿಯ ರೇಬೀಸ್ ಲಸಿಕೆ ಚೀಟಿ, ಈ ಮೂರನ್ನೂ ಸೇರಿಸಿ ಕಾರ್ಯದರ್ಶಿಗೆ ಪತ್ರ ಕೊಡಿ. ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ಬರೆಯಿರಿ.

ಅದಕ್ಕೂ ಮೊದಲು, ನಿಮ್ಮ ಮಗ ಒಪ್ಪಿದರೆ, ಸಮಿತಿಯವರಲ್ಲಿ ಒಬ್ಬರನ್ನಾದರೂ ಒಂದು ಬೆಳಿಗ್ಗೆ ಸ್ಕೂಲಿಗೆ ಹೊರಡುವ ಹೊತ್ತಿಗೆ ಲಿಫ್ಟ್ ಹತ್ತಿರ ಕರೆದು ನಿಲ್ಲಿಸಿಕೊಳ್ಳಿ. ಬಾಗಿಲು ತೆರೆದಾಗ ಅವನ ಕೈ ನಾಯಿಯ ಬೆನ್ನ ಮೇಲೆ ಹೋಗುವುದನ್ನು ಅವರೂ ನೋಡಲಿ.