ಡೈವಿಂಗ್ ಬರುತ್ತದೆ ಅಂದಮೇಲೂ ಸೈಂಟಿಫಿಕ್ ಡೈವರ್‌ಗಳ ಸುರಕ್ಷತಾ ಕಾರ್ಯಾಗಾರಕ್ಕೆ ಹೋಗಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಕಡಲ ಜೀವಿಗಳ ಮೇಲೆ ಸಂಶೋಧನೆ ಶುರು ಮಾಡಿದ್ದೀರಿ, ಕೈಯಲ್ಲಿ ಹವ್ಯಾಸಿ ಡೈವರ್‌ಗಳಿಗೆ ಕೊಡುವ ಅಡ್ವಾನ್ಸ್ಡ್ ಓಪನ್ ವಾಟರ್ ಕಾರ್ಡ್ ಇದೆ, ನಲವತ್ತು ಡೈವ್ ಆಗಿದೆ. ಈಗ ನಿಮ್ಮ ಸಂಶೋಧನಾ ಗೈಡ್ ಐದು ದಿನದ ಸೈಂಟಿಫಿಕ್ ಡೈವರ್ (ಅಂದರೆ ಸಂಶೋಧನೆಗಾಗಿ ನೀರೊಳಗೆ ಇಳಿಯುವವರ) ಕಾರ್ಯಾಗಾರಕ್ಕೆ ಹೋಗಿ ಬಾ ಅನ್ನುತ್ತಿದ್ದಾರೆ. ಗೊತ್ತಿರುವುದನ್ನೇ ಮತ್ತೆ ಯಾಕೆ ಕಲಿಯಬೇಕು, ಆ ಐದು ದಿನ ಫೀಲ್ಡ್‌ನಲ್ಲಿ ಕಳೆದರೆ ಡೇಟಾ ಆದರೂ ಸಿಗುತ್ತದಲ್ವಾ ಅಂತ ಕೇಳಿದ್ದೀರಿ. ಅಲ್ಲಿ ಏನು ಮಾಡಿಸುತ್ತಾರೆ ಅಂತಲೂ ಕೇಳಿದ್ದೀರಿ. ಈಜು ಪರೀಕ್ಷೆ ಇದೆಯಂತೆ, ಅದರ ಭಯವೂ ಇದೆ ಅಂದಿದ್ದೀರಿ.

ಹೋಗಿ. ಯೋಚನೆಯೇ ಬೇಡ.

ಯಾಕೆ ಅಂದರೆ, ನಿಮ್ಮ ನಲವತ್ತು ಡೈವ್‌ಗಳಲ್ಲಿ ನಿಮಗೆ ಇದ್ದ ಕೆಲಸ ಒಂದೇ: ಡೈವ್ ಮಾಡುವುದು. ಮೀನು ನೋಡಿದಿರಿ, ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಗೇಜ್ ನೋಡಿದಿರಿ, ಬಡ್ಡಿಯನ್ನು, ಅಂದರೆ ಜೊತೆಗೆ ಇಳಿದ ಸಂಗಾತಿಯನ್ನು ನೋಡಿದಿರಿ, ಮೇಲೆ ಬಂದಿರಿ. ಇನ್ನು ಮುಂದೆ ನೀವು ಇಳಿಯುವುದು ಬೇರೆ ಕೆಲಸ ಮಾಡಲಿಕ್ಕೆ. ಆ ಕೆಲಸ ನಿಮ್ಮ ಗಮನವನ್ನೆಲ್ಲ ತಿಂದುಹಾಕುತ್ತದೆ, ಮತ್ತು ತಿನ್ನುತ್ತಿರುವುದು ನಿಮಗೆ ಗೊತ್ತೇ ಆಗುವುದಿಲ್ಲ.

ನನಗೆ ಆದದ್ದನ್ನು ಹೇಳುತ್ತೇನೆ. ಆಗ ನನಗೆ ಅರವತ್ತು ಚಿಲ್ಲರೆ ಡೈವ್ ಆಗಿತ್ತು. 16 ಮೀಟರ್ ಆಳ, ತಿಳಿ ನೀರು, ಸೆಳೆತವೂ ಇರಲಿಲ್ಲ. ತಳದಲ್ಲಿ 50 ಮೀಟರ್ ಟೇಪ್ ಹಾಸಿಕೊಂಡು, ಅದರ ಪಕ್ಕಕ್ಕೆ ಪೈಪಿನ ಚೌಕಟ್ಟು ಇಟ್ಟು, ಒಳಗೆ ಎಷ್ಟು ಸೀ ಅರ್ಚಿನ್ (ಮುಳ್ಳುಚೆಂಡಿನಂಥ ಕಡಲ ಜೀವಿ) ಇವೆ ಅಂತ ಎಣಿಸಿ ಸ್ಲೇಟಿನಲ್ಲಿ ಬರೆಯುವ ಕೆಲಸ. ಚಿಕ್ಕವು ಕಲ್ಲಿನ ಸಂದಿಯಲ್ಲಿ ಅಡಗಿರುತ್ತವೆ, ತಲೆ ಬಗ್ಗಿಸಿ, ಟಾರ್ಚ್ ಬಿಟ್ಟು ನೋಡಬೇಕು. ಗೇಜ್ ನೋಡಿದಾಗ 110 ಬಾರ್ ಇತ್ತು (ಬಾರ್ ಅಂದರೆ ಗಾಳಿಯ ಒತ್ತಡದ ಅಳತೆ). ಇನ್ನೆರಡು ಚೌಕ ಮುಗಿಸಿ ಮತ್ತೆ ನೋಡಿದೆ, 45. ನನ್ನ ಲೆಕ್ಕದಲ್ಲಿ ಮೂರು ನಿಮಿಷ ಆಗಿತ್ತು. ಡೈವ್ ಕಂಪ್ಯೂಟರ್ ಪ್ರಕಾರ ಹನ್ನೆರಡು. ತಲೆ ಎತ್ತಿ ನೋಡಿದರೆ ಬಡ್ಡಿ ಟೇಪಿನ ಆ ತುದಿಯಲ್ಲಿ, ಅವನೂ ನನ್ನ ಹಾಗೇ ತಲೆ ಬಗ್ಗಿಸಿ ಕೂತಿದ್ದ. ಆ ಕ್ಷಣ ನನ್ನ ಸಿಲಿಂಡರ್ ಕೈ ಕೊಟ್ಟಿದ್ದರೆ ಅವನಿಗೆ ಗೊತ್ತಾಗುತ್ತಲೇ ಇರಲಿಲ್ಲ. ಹೋಗಿ ಅವನ ಭುಜ ತಟ್ಟಿ, ನಿಧಾನಕ್ಕೆ ಮೇಲೆ ಬಂದೆವು, ಏನೂ ಆಗಲಿಲ್ಲ. ದೋಣಿ ಹತ್ತಿದಾಗ ನನ್ನ ಗೇಜಿನಲ್ಲಿ 20 ಬಾರ್ ಇತ್ತು.

ಸಂಜೆ ಸ್ಲೇಟ್ ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಹದಿನಾಲ್ಕನೇ ಚೌಕದ ಎಣಿಕೆ ಎರಡು ಸಲ ಬರೆದಿದ್ದೆ, ಹದಿನೈದನೆಯದು ಖಾಲಿ. ಅಂದರೆ ಯಾವ ಡೇಟಾಕ್ಕೋಸ್ಕರ ಗೇಜ್ ಮರೆತಿದ್ದೆನೋ ಆ ಡೇಟಾ ಕೂಡ ಹಾಳಾಗಿತ್ತು. ಅದಕ್ಕೇ ಡೇಟಾ ಮುಖ್ಯವೋ ಸುರಕ್ಷತೆ ಮುಖ್ಯವೋ ಅಂತ ನೀವು ತೂಗುತ್ತಿರುವುದೇ ನನಗೆ ಸರಿ ಕಾಣುವುದಿಲ್ಲ. ಎರಡೂ ಹಾಳಾಗುವುದು ಒಟ್ಟಿಗೇ.

ಗಾಳಿ ಖಾಲಿಯಾಗುವುದು ಹೊಸಬರಿಗೆ ಮಾತ್ರ ಆಗುವ ತಪ್ಪು ಅಂದುಕೊಳ್ಳಬೇಡಿ. ಹವ್ಯಾಸಿ ಡೈವರ್‌ಗಳ ಸಾವಿನ ಪ್ರಕರಣಗಳನ್ನು ಬಿಡಿಸಿ ನೋಡಿದವರು ಅನಾಹುತಕ್ಕೆ ಮೊದಲ ಕಾರಣವಾಗಿ ಮತ್ತೆ ಮತ್ತೆ ಕಂಡಿದ್ದು ಇದನ್ನೇ.

ಕಾರ್ಯಾಗಾರದಲ್ಲಿ ಏನು ಮಾಡಿಸುತ್ತಾರೆ ಅಂದಿರಿ. ಒಂದೊಂದು ಕಡೆ ಒಂದೊಂದು ರೀತಿ, ಆದರೆ ಮೂಲ ಒಂದೇ. ಮೊದಲು ಕೊಳದಲ್ಲಿ ಇಳಿಸುತ್ತಾರೆ. ಮಾಸ್ಕ್ ತೆಗೆಸಿ ಈಜಿಸುತ್ತಾರೆ, ಬಡ್ಡಿಯ ಗಾಳಿ ಹಂಚಿಕೊಂಡು ಮೇಲೆ ಬರಿಸುತ್ತಾರೆ. ಇದೆಲ್ಲ ನಿಮಗೆ ಗೊತ್ತು. ಆಮೇಲೆ ಕೈಗೆ ಸ್ಲೇಟ್ ಕೊಡುತ್ತಾರೆ. ತಳ ಮುಟ್ಟದೆ, ಮೇಲಕ್ಕೂ ಏರದೆ, ಒಂದೇ ಮಟ್ಟದಲ್ಲಿ ನಿಂತು ಟೇಪ್ ಬಿಚ್ಚಬೇಕು, ಅಳೆಯಬೇಕು, ಬರೆಯಬೇಕು, ಮತ್ತೆ ಇಷ್ಟು ನಿಮಿಷಕ್ಕೊಮ್ಮೆ ಗೇಜ್ ಓದಿ ಅದನ್ನೂ ಬರೆಯಬೇಕು. ಇದರ ಮಧ್ಯೆ ಇನ್‌ಸ್ಟ್ರಕ್ಟರ್ ಬಂದು ನಿಮ್ಮ ಬಡ್ಡಿಗೆ ಮಾತ್ರ ಕಾಣುವ ಹಾಗೆ ಗಾಳಿ ಇಲ್ಲ ಅಂತ ಸನ್ನೆ ಮಾಡುತ್ತಾರೆ. ಬಡ್ಡಿ ನಿಮ್ಮ ಕಡೆ ಬರುತ್ತಾನೆ, ನೀವು ಎಷ್ಟು ಹೊತ್ತಿಗೆ ತಲೆ ಎತ್ತುತ್ತೀರಿ ಅನ್ನುವುದೇ ಪರೀಕ್ಷೆ. ಮೊದಲ ದಿನ ನಮ್ಮ ತಂಡದಲ್ಲಿ ಯಾರೂ ಸರಿಯಾದ ಹೊತ್ತಿಗೆ ತಲೆ ಎತ್ತಲಿಲ್ಲ. ನಾಲ್ಕನೇ ದಿನಕ್ಕೆ ಎಲ್ಲರಿಗೂ ಅಭ್ಯಾಸ ಆಗಿತ್ತು. ಇದನ್ನು ಪುಸ್ತಕ ಓದಿ ಕಲಿಯಲಿಕ್ಕೆ ಆಗುವುದಿಲ್ಲ.

ಗಾಳಿಯ ಲೆಕ್ಕ ಇನ್ನೊಂದು. 50 ಬಾರ್ ಉಳಿಸಿಕೊಂಡು ಮೇಲೆ ಬಂದರೆ ಸಾಕು ಅಂತ ನಿಮಗೂ ಹೇಳಿಕೊಟ್ಟಿರಬೇಕು. ಒಂದು ಸಲ ಕೂತು ಲೆಕ್ಕ ಹಾಕಿ ನೋಡಿ. 20 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಮೂರು ಪಟ್ಟು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಅಲ್ಲಿ 60 ಲೀಟರ್ ಖರ್ಚು ಮಾಡುತ್ತಾರೆ. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಅಂದರೆ 2400 ಲೀಟರ್, 50 ಬಾರ್ ಬಿಟ್ಟರೆ 1800, ಅಂದರೆ ಅರ್ಧ ಗಂಟೆ. ಸರಿ. ಆದರೆ ಬಡ್ಡಿಯ ಗಾಳಿ ಮುಗಿಯಿತು, ಇಬ್ಬರೂ ನಿಮ್ಮ ಸಿಲಿಂಡರಿನಿಂದಲೇ ಉಸಿರಾಡಬೇಕು, ಇಬ್ಬರಿಗೂ ಗಾಬರಿ, ಒಬ್ಬೊಬ್ಬರು ನಿಮಿಷಕ್ಕೆ 30 ಲೀಟರ್ ಎಳೆಯುತ್ತಿದ್ದಾರೆ ಅನ್ನಿ. ತಳದಲ್ಲಿ ಸುಧಾರಿಸಿಕೊಳ್ಳಲು ಒಂದು ನಿಮಿಷಕ್ಕೆ 180 ಲೀಟರ್. ನಿಮಿಷಕ್ಕೆ 9 ಮೀಟರ್ ವೇಗದಲ್ಲಿ ಮೇಲೇರಲು ಸುಮಾರು 265. ಸುರಕ್ಷತೆಗೆ ಅಂತ 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಲು 270. ಒಟ್ಟು 700 ಲೀಟರ್ ದಾಟಿತು, ಅಂದರೆ ಹತ್ತಿರ ಹತ್ತಿರ 60 ಬಾರ್. 50 ಸಾಲುವುದಿಲ್ಲ! ನಿಜವಾದ ತುರ್ತಿನಲ್ಲಿ ಆ ಮೂರು ನಿಮಿಷ ನಿಲ್ಲುವುದನ್ನು ಬಿಡಬಹುದು, ಅದು ಬೇರೆ ಮಾತು, ಆದರೆ ಬಿಡಬೇಕಾಗುತ್ತದೆ ಅಂತ ಮೊದಲೇ ಗೊತ್ತಿದ್ದು ಯಾರು ಇಳಿಯುತ್ತಾರೆ? ಈ ಲೆಕ್ಕ ಹಾಕಿದ ದಿನದಿಂದ ನಾನು ಪ್ರತಿ ಆಳಕ್ಕೂ ಎಷ್ಟು ಬಾರ್ ಉಳಿದಾಗ ವಾಪಸ್ ಹೊರಡಬೇಕು ಅಂತ ಸ್ಲೇಟಿನ ಮೂಲೆಯಲ್ಲಿ ಬರೆದುಕೊಂಡೇ ಇಳಿಯುವುದು.

ಲಿಫ್ಟ್ ಬ್ಯಾಗ್ ಬಗ್ಗೆಯೂ ಹೇಳಿಕೊಡುತ್ತಾರೆ. ಸ್ಯಾಂಪಲ್ ಪೆಟ್ಟಿಗೆ, ಉಪಕರಣ ಮೇಲೆ ಎತ್ತುವಾಗ ಬೇಕಾಗುತ್ತದೆ. 20 ಮೀಟರ್‌ನಲ್ಲಿ ಬ್ಯಾಗಿಗೆ 30 ಲೀಟರ್ ಗಾಳಿ ತುಂಬಿದರೆ ಅದು 10 ಮೀಟರ್‌ಗೆ ಬರುವಾಗ 45 ಲೀಟರ್ ಆಗಿರುತ್ತದೆ, ಏರಿದ ಹಾಗೆ ಎಳೆತವೂ ಏರುತ್ತದೆ. ಅದರ ಹಗ್ಗಕ್ಕೆ ನಿಮ್ಮ ಒಂದು ಕ್ಲಿಪ್ ಸಿಕ್ಕಿಕೊಂಡರೆ ನೀವೂ ಅದರ ಜೊತೆ ಮೇಲಕ್ಕೆ, ಉಸಿರು ಬಿಗಿಹಿಡಿದಿದ್ದರೆ ಶ್ವಾಸಕೋಶ ಹರಿದುಹೋಗುತ್ತದೆ. ಇದನ್ನು ಸ್ವಂತವಾಗಿ ಕಲಿಯಲು ಹೋಗಬೇಡಿ, ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಲಿ.

ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಮೂರನೇ ದಿನದ ಡ್ರಿಲ್. ಮುಂಚೆ ಏನೂ ಹೇಳಿರಲಿಲ್ಲ. ಡೈವ್ ಮುಗಿಸಿ ದೋಣಿಯಲ್ಲಿ ಕೂತಿದ್ದೆವು, ನಮ್ಮಲ್ಲೇ ಒಬ್ಬಳು ಎಡಗೈ ಜುಮ್ಮೆನ್ನುತ್ತಿದೆ, ತಲೆ ಸುತ್ತುತ್ತಿದೆ ಅಂದಳು. ಇನ್‌ಸ್ಟ್ರಕ್ಟರ್ ಸ್ಟಾಪ್‌ವಾಚ್ ಒತ್ತಿದರು. ಏನು ಮಾಡಬೇಕು ಅಂತ ನಮಗೆಲ್ಲ ಬಾಯಿಪಾಠ ಇತ್ತು: ಮಲಗಿಸಿ, ಶುದ್ಧ ಆಕ್ಸಿಜನ್ ಕೊಡಿ, ಫೋನ್ ಮಾಡಿ, ಮತ್ತೆ ನೀರಿಗೆ ಇಳಿಸಬೇಡಿ. ಮಲಗಿಸಿದೆವು. ಪೆಟ್ಟಿಗೆ ತಂದೆವು. ಮಾಸ್ಕ್ ಇದೆ, ಟ್ಯೂಬ್ ಇದೆ, ಸಿಲಿಂಡರ್ ತುಂಬಿದೆ. ಸಿಲಿಂಡರಿನ ವಾಲ್ವ್ ತಿರುಗಿಸುವ ಕೀ ಇಲ್ಲ. ಹೆಬ್ಬೆರಳಿನಷ್ಟು ಉದ್ದದ ಒಂದು ತುಂಡು, ಅದಿಲ್ಲದೆ ಆಕ್ಸಿಜನ್ ಬರುವುದಿಲ್ಲ. ಒಬ್ಬ ಬ್ಯಾಗ್ ಸುರಿದು ಹುಡುಕಿದ, ಇನ್ನೊಬ್ಬ ಬರಿಗೈಯಲ್ಲಿ ತಿರುಗಿಸಲು ನೋಡಿ ಬೆರಳು ಕೊಯ್ದುಕೊಂಡ. ಕೊನೆಗೆ ಎಂಜಿನ್ ಪಕ್ಕದ ಟೂಲ್ ಬಾಕ್ಸಿನಲ್ಲಿ ಸಿಕ್ಕಿತು. ಅಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು. ಫೋನ್ ಮಾಡುವ ಪಾಳಿ ನನ್ನದು. ನಂಬರ್ ಇತ್ತು. ಆ ಕಡೆಯಿಂದ ಎಲ್ಲಿದ್ದೀರಿ ಅಂತ ಕೇಳಿದರೆ ಹೇಳಲಿಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಜಿಪಿಎಸ್ ಅಂಕಿ ನೋಡಿ ಓದಬೇಕು ಅಂತ ಹೊಳೆಯಲೇ ಇಲ್ಲ.

ಅವಳು ಎದ್ದು ಕೂತು ನಕ್ಕಳು, ಡ್ರಿಲ್ ಮುಗಿಯಿತು. ನಮಗ್ಯಾರಿಗೂ ನಗು ಬರಲಿಲ್ಲ.

ಆಮೇಲೆ ಮಾತಾಡುವಾಗ ಇನ್‌ಸ್ಟ್ರಕ್ಟರ್ ಇನ್ನೊಂದು ಮಾತು ಹೇಳಿದರು, ಇದನ್ನು ಗಮನಿಸಿ. ನಿಜವಾಗಿ ಡಿಕಂಪ್ರೆಷನ್ ತೊಂದರೆ (ಮೇಲೆ ಬರುವಾಗ ಒತ್ತಡ ಇಳಿದು ದೇಹದೊಳಗೆ ಗುಳ್ಳೆ ಏಳುವುದು) ಆದವರು ಹೀಗೆ ಬಾಯಿ ಬಿಟ್ಟು ಹೇಳುವುದೇ ಕಡಿಮೆ. ಭುಜ ನೋಯುತ್ತಿದ್ದರೆ ಸಿಲಿಂಡರ್ ಎತ್ತಿದ್ದಕ್ಕೆ ಇರಬೇಕು ಅಂದುಕೊಳ್ಳುತ್ತಾರೆ. ಸುಸ್ತಾದರೆ ನಿದ್ದೆ ಇಲ್ಲ ಅಂತಾರೆ. ಸಂಶೋಧಕರು ಇನ್ನೂ ಜಾಸ್ತಿ ಮುಚ್ಚಿಡುತ್ತಾರೆ, ಯಾಕೆಂದರೆ ಹೇಳಿದರೆ ಮಾರನೇ ದಿನದ ಡೈವ್ ಹೋಯಿತು, ಇಡೀ ಸೀಸನ್ ಹೋಯಿತು ಅನ್ನುವ ಭಯ. ಲಕ್ಷಣ ಹೆಚ್ಚಿನವರಲ್ಲಿ ಮೊದಲ ಆರು ಗಂಟೆಯೊಳಗೆ ಕಾಣಿಸುತ್ತದೆ, ಆದರೆ ಒಂದು ದಿನದವರೆಗೂ ಕಾಯಬೇಕು. ನಮ್ಮ ಕೆಲಸದಲ್ಲಿ ಅಪಾಯವೂ ಸ್ವಲ್ಪ ಬೇರೆ ಥರ. ಸ್ಯಾಂಪಲ್ ಕೊಡಲು ಮೇಲೆ ಬಂದು ಮತ್ತೆ ಇಳಿಯುವುದು, ದಿನಕ್ಕೆ ಮೂರು ನಾಲ್ಕು ಸಲ, ಹೀಗೇ ವಾರಗಟ್ಟಲೆ. ಕೊನೆಯ ದಿನ ಉಳಿದ ಕೆಲಸ ಮುಗಿಸಿಬಿಡೋಣ ಅಂತ ಇಳಿದು, ಸಂಜೆಯ ವಿಮಾನ ಹತ್ತುವುದು. ಹಲವು ದಿನ ಡೈವ್ ಮಾಡಿದ್ದರೆ ವಿಮಾನಕ್ಕೆ ಮುಂಚೆ ಕನಿಷ್ಠ 18 ಗಂಟೆ ಬಿಡಬೇಕು, ಡಿಕಂಪ್ರೆಷನ್ ಸ್ಟಾಪ್ (ಮೇಲೇರುವಾಗ ಕಡ್ಡಾಯವಾಗಿ ನಡುವೆ ನಿಲ್ಲುವುದು) ಬೇಕಾಗುವ ಡೈವ್ ಮಾಡಿದ್ದರೆ ಅದಕ್ಕಿಂತಲೂ ಜಾಸ್ತಿ. ಟಿಕೆಟ್ ಮಾಡಿಸುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಅಮೆರಿಕದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯಲ್ಲಿ 1950ರ ದಶಕದ ಶುರುವಿನಲ್ಲೇ ಸಂಶೋಧಕರಿಗೆ ಅಂತ ಡೈವಿಂಗ್ ತರಬೇತಿ ಕಟ್ಟಿದವರು ಕಾನ್ರಾಡ್ ಲಿಂಬಾ. ಆ ಕಾಲಕ್ಕೆ ಅವರಷ್ಟು ಅನುಭವ ಇದ್ದವರು ಬೆರಳೆಣಿಕೆ. ಅವರು ತೀರಿಕೊಂಡಿದ್ದು 1960ರಲ್ಲಿ, ಫ್ರಾನ್ಸಿನ ಒಂದು ನೀರೊಳಗಿನ ಗುಹೆಯಲ್ಲಿ, ಡೈವ್ ಮಾಡುವಾಗಲೇ. ನಲವತ್ತು ಡೈವ್ ಆಗಿದೆಯಲ್ಲ ಅಂತ ನೀವು ಬರೆದಿದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಅವರು. 1982ರಲ್ಲಿ ಅಮೆರಿಕ ಸರ್ಕಾರ ಸೈಂಟಿಫಿಕ್ ಡೈವಿಂಗ್ ಅನ್ನು ವಾಣಿಜ್ಯ ಡೈವಿಂಗ್ ನಿಯಮಗಳಿಂದ ಹೊರಗಿಟ್ಟಿತು, ಆದರೆ ಸುಮ್ನೆ ಬಿಡಲಿಲ್ಲ. ಸಂಸ್ಥೆಗೆ ತನ್ನದೇ ಸುರಕ್ಷತಾ ಕೈಪಿಡಿ ಇರಬೇಕು, ಒಂದು ಡೈವಿಂಗ್ ಕಂಟ್ರೋಲ್ ಬೋರ್ಡ್ ಇರಬೇಕು, ಆ ಬೋರ್ಡಿನಲ್ಲಿ ಬಹುಮತ ಸ್ವತಃ ಡೈವ್ ಮಾಡುವವರದ್ದೇ ಇರಬೇಕು ಅಂತ ಹೇಳಿತು. ನೀರಿಗೆ ಇಳಿಯುವವರೇ ನಿಯಮ ಮಾಡಿಕೊಳ್ಳಲಿ ಅಂತ. ನನಗೆ ಇದು ತುಂಬ ಸರಿ ಅನ್ನಿಸುತ್ತದೆ, ಆದರೆ ಆ ಭಾರ ಹೊರಬೇಕಾದರೆ ಪ್ರತಿಯೊಬ್ಬರಿಗೂ ತರಬೇತಿ ಇರಲೇಬೇಕು.

ಒಂದು ಎಚ್ಚರಿಕೆ. ಐದು ದಿನ ಹೋಗಿ ಬಂದ ಮಾತ್ರಕ್ಕೆ ನೀವು ಸೈಂಟಿಫಿಕ್ ಡೈವರ್ ಆಗಿಬಿಡುವುದಿಲ್ಲ. ಅಮೆರಿಕನ್ ಅಕಾಡೆಮಿ ಆಫ್ ಅಂಡರ್‌ವಾಟರ್ ಸೈನ್ಸಸ್ ಪೂರ್ತಿ ತರಬೇತಿಗೆ 100 ಗಂಟೆ ಕೇಳುತ್ತದೆ, ಅದರಲ್ಲಿ ತೆರೆದ ನೀರಿನ 12 ಡೈವ್ ಇರಬೇಕು. ಯುರೋಪಿನ ಸೈಂಟಿಫಿಕ್ ಡೈವರ್ ಪ್ರಮಾಣಪತ್ರಕ್ಕೆ 70 ಡೈವ್ ಬೇಕು. ಆಳವೂ ಹಂತ ಹಂತವಾಗಿ, 9 ಮೀಟರ್, 18, 30, ಹೀಗೆ. ಹಾಗಾಗಿ ಈ ಐದು ದಿನ ಯಾವುದರ ಲೆಕ್ಕಕ್ಕೆ ಬರುತ್ತದೆ ಅಂತ ಗೈಡ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಕಾರ್ಯಾಗಾರದಲ್ಲಿ ನನಗೆ ಸಿಕ್ಕ ದೊಡ್ಡ ವಿಷಯ ಮಾತ್ರ ಇದ್ಯಾವುದೂ ಅಲ್ಲ. ಇವತ್ತು ಇಳಿಯುವುದಿಲ್ಲ ಅಂತ ಹೇಳುವ ಹಕ್ಕು. ಯಾವ ಡೈವರ್ ಬೇಕಾದರೂ, ಯಾವ ಹೊತ್ತಿನಲ್ಲಿ ಬೇಕಾದರೂ, ಮನಸ್ಸಿಗೆ ಸರಿ ಕಾಣದಿದ್ದರೆ ಡೈವ್ ಬೇಡ ಅನ್ನಬಹುದು, ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಕೇಳಲು ಸುಲಭ. ಆದರೆ ದೋಣಿಯಲ್ಲಿ ಗೈಡ್ ಕೂತಿದ್ದಾರೆ, ಸೀನಿಯರ್‌ಗಳು ಸಜ್ಜಾಗಿ ನಿಂತಿದ್ದಾರೆ, ನಿಮಗೆ ಮೂಗು ಕಟ್ಟಿದೆ, ಇಳಿದರೆ ಕಿವಿಯ ಒತ್ತಡ ಸರಿಹೋಗುವುದಿಲ್ಲ ಅಂತ ಗೊತ್ತು. ಆಗ ಬಾಯಿ ತೆರೆದು ಬೇಡ ಅನ್ನುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ನಮ್ಮ ಇನ್‌ಸ್ಟ್ರಕ್ಟರ್ ಅದನ್ನೂ ಡ್ರಿಲ್ ಮಾಡಿಸಿದರು. ಒಬ್ಬೊಬ್ಬರಾಗಿ ಎದ್ದು ನಿಂತು, ಕಾರಣ ಕೊಡದೆ, ಸಾರಿ ಕೇಳದೆ, ನಾನು ಇವತ್ತು ಇಳಿಯುವುದಿಲ್ಲ ಅಂತ ಜೋರಾಗಿ ಹೇಳಬೇಕು. ಉಳಿದವರು ಸರಿ ಅನ್ನಬೇಕು, ಅಷ್ಟೇ. ಅದಾದ ಮೇಲೆ ನಾನು ಎರಡು ಸಲ ಹಾಗೆ ಹೇಳಿದ್ದೇನೆ, ಎರಡು ಸಲವೂ ನಾಲಿಗೆ ತಡವರಿಸಲಿಲ್ಲ.

ಇನ್ನು ಈಜು ಪರೀಕ್ಷೆ. ಸಾಮಾನ್ಯವಾಗಿ ಕೇಳುವುದು ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಇಲ್ಲದೆ 400 ಗಜ, ಅಂದರೆ ಸುಮಾರು 365 ಮೀಟರ್, 12 ನಿಮಿಷದೊಳಗೆ. ಒಂದೇ ಉಸಿರಿನಲ್ಲಿ ನೀರೊಳಗೆ 25 ಗಜ. ಹತ್ತು ನಿಮಿಷ ತೇಲುವುದು. ಇನ್ನೊಬ್ಬರನ್ನು 25 ಗಜ ಎಳೆದುಕೊಂಡು ಹೋಗುವುದು. ಒಂದು ತಿಂಗಳು ವಾರಕ್ಕೆ ಮೂರು ದಿನ ಈಜಿದರೆ ಸಾಕು, ಆಗುತ್ತದೆ. ಒಂದೇ ಉಸಿರಿನ ಅಭ್ಯಾಸವನ್ನು ಮಾತ್ರ ಒಬ್ಬರೇ ಮಾಡಬೇಡಿ, ಮೇಲೆ ಯಾರಾದರೂ ನಿಮ್ಮನ್ನೇ ನೋಡುತ್ತಾ ನಿಂತಿರಬೇಕು, ಇಳಿಯುವ ಮುಂಚೆ ಜೋರು ಜೋರಾಗಿ ಉಸಿರೆಳೆಯುವ ಚಟವೂ ಬೇಡ, ಅದರಿಂದ ನೀರೊಳಗೇ ಎಚ್ಚರ ತಪ್ಪಿದವರಿದ್ದಾರೆ. ವೈದ್ಯಕೀಯ ತಪಾಸಣೆ ಇನ್ನೂ ಮಾಡಿಸಿಲ್ಲದಿದ್ದರೆ ಈ ವಾರವೇ ಮಾಡಿಸಿ. ಚಿಕ್ಕಂದಿನಲ್ಲಿ ಉಬ್ಬಸ ಇದ್ದರೂ, ಈಗ ಯಾವುದೇ ಮಾತ್ರೆ ತಗೊಳ್ಳುತ್ತಿದ್ದರೂ ಡಾಕ್ಟರಿಗೆ ಹೇಳಿಬಿಡಿ. ಕೊಳದಲ್ಲಿ ಎಷ್ಟು ನಿಮಿಷ ಬಂತು ಅಂತ ಇಲ್ಲೇ ಬರೆಯಿರಿ, 12ಕ್ಕಿಂತ ಜಾಸ್ತಿ ಬಂದರೆ ಎಲ್ಲಿ ತಡ ಆಗುತ್ತಿದೆ ಅಂತ ನೋಡೋಣ.