ಮೂತ್ರವೇ ಬಾರದವರಿಗೆ ಮೂತ್ರಚೀಲದಲ್ಲಿ ಸೋಂಕು ಆಗುತ್ತದಾ?

ಆಗುತ್ತದೆ. ನಿಮ್ಮ ತಾಯಿಗೆ ಡಯಾಲಿಸಿಸ್ ಶುರುವಾಗಿ ಎರಡು ವರ್ಷ, ಮೂತ್ರ ಪೂರ್ತಿ ನಿಂತಿದೆ, ಈಗ ಬಿಡದ ಜ್ವರ, ಕಿಬ್ಬೊಟ್ಟೆ ನೋವು ಎಂದು ಬರೆದಿದ್ದೀರಿ. ನಮ್ಮ ಅಪ್ಪನಿಗೂ ಹೀಗೇ ಆಗಿತ್ತು.

ನಾವು ಸುರತ್ಕಲ್‌ನವರು. ಸಕ್ಕರೆ ಕಾಯಿಲೆಯಿಂದ ಅಪ್ಪನ ಕಿಡ್ನಿ ಹೋಗಿತ್ತು. ವಾರಕ್ಕೆ 3 ಸಲ ಡಯಾಲಿಸಿಸ್. ಮಂಗಳೂರಲ್ಲಿ ಮಳೆಗಾಲದ ಜ್ವರ ಅಂದರೆ ಮೊದಲು ಮಲೇರಿಯಾ, ಡೆಂಗ್ಯೂ ಟೆಸ್ಟ್, ಗೊತ್ತಲ್ವಾ? ಎರಡೂ ಇರಲಿಲ್ಲ. ಕೈಯ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ಜಾಗ) ನೋಡಿದರು, ಎದೆಯ ಎಕ್ಸ್‌ರೇ ತೆಗೆದರು. ಏನೂ ಸಿಗಲಿಲ್ಲ. ಮೂತ್ರದ ಕಡೆ ಯಾರ ಗಮನವೂ ಹೋಗಲಿಲ್ಲ. ಮೂತ್ರವೇ ಇಲ್ಲವಲ್ಲ ಮಾರಾಯ್ರೆ!

ಕೊನೆಗೆ ಬಟ್ಟೆ ಒಗೆಯುವಾಗ ಅಮ್ಮನಿಗೆ ಅಪ್ಪ ಉಡುವ ಬೈರಾಸಿನಲ್ಲಿ (ಟವೆಲಿನಲ್ಲಿ) ಹಳದಿ ಕಲೆ ಕಂಡಿತು. ಕೆಟ್ಟ ವಾಸನೆ. ಅಪ್ಪ ನಾಚಿಕೆಯಿಂದ ವಾರದಿಂದ ಬಾಯಿ ಬಿಟ್ಟಿರಲಿಲ್ಲ. ಸ್ಕ್ಯಾನಿಂಗ್ ಮಾಡಿ, ಕ್ಯಾಥೆಟರ್ (ಮೂತ್ರಚೀಲಕ್ಕೆ ಇಳಿಸುವ ಸಣ್ಣ ಕೊಳವೆ) ಹಾಕಿದಾಗ ಬಂದದ್ದು ಮೂತ್ರ ಅಲ್ಲ, ದಪ್ಪ ಗಂಜಿತಿಳಿಯ ಹಾಗಿನ ಕೀವು.

ಇದಕ್ಕೆ ಪಯೋಸಿಸ್ಟಿಸ್ ಅನ್ನುತ್ತಾರೆ. ಅಪರೂಪ. ಕಿಡ್ನಿ ಸರಿ ಇದ್ದವರಲ್ಲಿ ದಿನಕ್ಕೆ ಒಂದೂವರೆ ಲೀಟರ್‌ನಷ್ಟು ಮೂತ್ರ ಹರಿದು ಚೀಲವನ್ನು ತೊಳೆಯುತ್ತಾ ಇರುತ್ತದೆ. ಹರಿವು ನಿಂತರೂ ಚೀಲದ ಒಳಗೋಡೆಯಿಂದ ಲೋಳೆ, ಸತ್ತ ಜೀವಕೋಶ ಉದುರುವುದು ನಿಲ್ಲುವುದಿಲ್ಲ. ನೀರು ನಿಂತ ತೋಡಿನ ಹಾಗೆ. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಕೀವು ಕಟ್ಟುತ್ತದೆ.

ಬರೀ ಮಾತ್ರೆಯಿಂದ ಇದು ಹೋಗುವುದು ಕಷ್ಟ. ಮೂತ್ರ ಇದ್ದರಲ್ವಾ ಅದರ ಜೊತೆ ಔಷಧಿ ಚೀಲಕ್ಕೆ ಇಳಿಯುವುದು? ಕೀವನ್ನು ಹೊರಗೆ ತೆಗೆಯಲೇಬೇಕು. ಅಪ್ಪನಿಗೆ ಕ್ಯಾಥೆಟರ್ ಕೆಲವು ದಿನ ಇಟ್ಟು, ಸಲೈನಿನಿಂದ ಚೀಲ ತೊಳೆದರು. ಕೀವಿನ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಎಂದು ತಿಳಿಯುವ ಪರೀಕ್ಷೆ) ನೋಡಿ ಆಂಟಿಬಯೋಟಿಕ್ ಕೊಟ್ಟರು. ಡಯಾಲಿಸಿಸ್‌ನವರಿಗೆ ಡೋಸ್ ಬೇರೆ ಇರುತ್ತದೆ. ಹಾಗಾಗಿ ಸುಮ್ನೆ ಮೆಡಿಕಲ್‌ನಿಂದ ತಂದು ಕೊಡಬೇಡಿ.

ಚೀಲವನ್ನೇ ತೆಗೆಯಬೇಕಾ ಎಂದು ಕೇಳಿದ್ದೀರಿ. ಅಪ್ಪನಿಗೆ ಬೇಕಾಗಲಿಲ್ಲ. ಮತ್ತೆ ಮತ್ತೆ ಬಂದು ಬೇರೆ ಯಾವುದೂ ಕೆಲಸ ಮಾಡದಿದ್ದರೆ ಮಾತ್ರ ಆ ಮಾತು.

ನಿಮ್ಮ ತಾಯಿಯ ಜ್ವರ ಇದೇ ಅಂತ ನಾನು ಹೇಳಲಾರೆ. ಆದರೆ ಬಟ್ಟೆಯಲ್ಲಿ ಕಲೆ ಇದೆಯಾ ಎಂದು ಇವತ್ತೇ ಕೇಳಿ. ಹೆಂಗಸರು ಇಂಥದ್ದನ್ನು ಬಿಳಿಸೆರಗು ಅಂದುಕೊಂಡು ಸುಮ್ಮನಿರುವುದೂ ಉಂಟು. ಕಲೆ ಇಲ್ಲದಿದ್ದರೂ, ಮೂತ್ರಚೀಲದ ಸ್ಕ್ಯಾನಿಂಗ್ ಮಾಡಿ ಅಂತ ಡಾಕ್ಟರಿಗೆ ನೀವೇ ಹೇಳಿ. ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯಬೇಡಿ. ಸೋಂಕು ರಕ್ತಕ್ಕೆ ಹತ್ತಿದರೆ ಜೀವಕ್ಕೇ ಅಪಾಯ.