ಹನ್ನೆರಡು ಮಿಲಿಸೀವರ್ಟ್, ಎಷ್ಟು ಹೊತ್ತಿಗೆ?

ಪ್ರಿಯ ಲೇಖಕರೆ,

ಜಪಾನಿನ ಫುಕುಶಿಮಾ ದಾಯಿಚಿ ಅಣುಸ್ಥಾವರದ ಅವಘಡ ಕುರಿತ ನಿಮ್ಮ ಲೇಖನ ಓದಿದೆ. ಹಾಸಿಗೆ ಹಿಡಿದ ವೃದ್ಧರನ್ನು ಬಸ್ಸಿಗೆ ಹತ್ತಿಸಿ ಸಾಗಿಸಿದ ಭಾಗ ಚೆನ್ನಾಗಿದೆ, ಭಾಷೆಗೆ ಓಟವೂ ಇದೆ. ಅಷ್ಟು ಹೇಳಿ ಜಗಳಕ್ಕೇ ಇಳಿಯುತ್ತೇನೆ, ಏಕೆಂದರೆ ಮೂರನೇ ಪುಟ ನನ್ನ ತಾಳ್ಮೆ ಕೆಡಿಸಿತು.

"ಸುನಾಮಿ ಅಪ್ಪಳಿಸಿದ ಕೂಡಲೇ ನಾಲ್ಕು ರಿಯಾಕ್ಟರ್‌ಗಳು ಅಣುಬಾಂಬಿನಂತೆ ಸಿಡಿದವು" ಎಂದು ಬರೆದಿದ್ದೀರಿ. ಕೂಡಲೇ, ನಾಲ್ಕು, ಅಣುಬಾಂಬು: ಮೂರೂ ತಪ್ಪು. 2011ರ ಮಾರ್ಚ್ 11ರ ಮಧ್ಯಾಹ್ನ 2:46ಕ್ಕೆ ಭೂಮಿ ನಡುಗಿದಾಗಲೇ ಚಾಲನೆಯಲ್ಲಿದ್ದ 1, 2, 3ನೇ ಘಟಕಗಳಲ್ಲಿ ನಿಯಂತ್ರಣ ಸರಳುಗಳು ತಾವಾಗಿ ಒಳಸೇರಿ ವಿದಳನ, ಅಂದರೆ ಪರಮಾಣು ಒಡೆಯುವ ಕ್ರಿಯೆ, ನಿಂತಿತ್ತು. ನಿಲ್ಲದ್ದು ಶಾಖ. 1ನೇ ಘಟಕದ ಉಷ್ಣಸಾಮರ್ಥ್ಯ 1380 ಮೆಗಾವ್ಯಾಟ್. ವಿದಳನ ನಿಂತು ಒಂದು ಗಂಟೆ ಕಳೆದರೂ ಇಂಧನದೊಳಗಿನ ವಿಕಿರಣಶೀಲ ಚೂರುಗಳ ಕ್ಷಯದಿಂದಲೇ ಸುಮಾರು 20 ಮೆಗಾವ್ಯಾಟ್ ಶಾಖ ಬರುತ್ತಿರುತ್ತದೆ. ಅದನ್ನು ಹೊರಸಾಗಿಸಲು ನೀರು ಬೇಕು, ನೀರಿಗೆ ಪಂಪು ಬೇಕು, ಪಂಪಿಗೆ ಕರೆಂಟು. ಹೊರಗಿನ ಲೈನು ಕಂಪನಕ್ಕೇ ಹೋಗಿತ್ತು, ಡೀಸೆಲ್ ಜನರೇಟರ್‌ಗಳು ಚಾಲೂ ಆಗಿದ್ದವು. ಸುಮಾರು 50 ನಿಮಿಷದ ಮೇಲೆ ಬಂದ ಅಲೆ ಟರ್ಬೈನ್ ಕಟ್ಟಡಗಳ ನೆಲಮಾಳಿಗೆಗೆ ನುಗ್ಗಿ ಜನರೇಟರು, ಸ್ವಿಚ್‌ಬೋರ್ಡು ಎಲ್ಲವನ್ನೂ ಮುಳುಗಿಸಿತು. 1 ಮತ್ತು 2ನೇ ಘಟಕಗಳ ಬ್ಯಾಟರಿಗಳೂ ಹೋದವು. ಕಂಟ್ರೋಲ್ ರೂಮಿನಲ್ಲಿ ಮೀಟರುಗಳೇ ಸತ್ತಿದ್ದವು: ಒಳಗೆ ನೀರೆಷ್ಟಿದೆ ಎಂದು ಓದಲು ದಾರಿಯಿಲ್ಲ.

ಮೊದಲ ಸ್ಫೋಟ ಆದದ್ದು ಮಾರನೇ ದಿನ ಮಧ್ಯಾಹ್ನ 3:36ಕ್ಕೆ, ಆ 1ನೇ ಘಟಕದಲ್ಲಿ. ನೀರು ಕುದಿದು ಇಳಿದು ಇಂಧನ ನೀರಿನಿಂದ ಹೊರಚಾಚಿ ನಿಂತಿತು. ಸುಮಾರು 1200 ಡಿಗ್ರಿ ದಾಟಿದರೆ ಇಂಧನದ ಕವಚದ ಜಿರ್ಕೋನಿಯಂ ಹಬೆಯಿಂದ ಆಮ್ಲಜನಕ ಕಿತ್ತುಕೊಂಡು ಹೈಡ್ರೋಜನ್ ಬಿಡುತ್ತದೆ, ಆ ಕ್ರಿಯೆಯೇ ಮತ್ತಷ್ಟು ಶಾಖ ಕೊಡುತ್ತದೆ. ರಿಯಾಕ್ಟರನ್ನು ಸುತ್ತುವರಿದ ಉಕ್ಕಿನ ಭದ್ರಕೋಶದ, ಅಂದರೆ ಕಂಟೈನ್‌ಮೆಂಟ್‌ನ, ಒಳಗೆ ನೈಟ್ರೋಜನ್ ತುಂಬಿದ್ದರಿಂದ ಅಲ್ಲಿ ಅದು ಹೊತ್ತಿಕೊಳ್ಳಲಿಲ್ಲ. ಒತ್ತಡಕ್ಕೆ ಸೋರಿ ಮೇಲಂತಸ್ತಿನ ಗಾಳಿಗೆ ಸೇರಿದ ಮೇಲೆ ಸಿಡಿದು ಕಟ್ಟಡದ ಮೇಲ್ಭಾಗ ಹಾರಿತು. 4ನೇ ಘಟಕದ ರಿಯಾಕ್ಟರಿನಲ್ಲಂತೂ ಇಂಧನವೇ ಇರಲಿಲ್ಲ. 3ನೆಯದರ ಹೈಡ್ರೋಜನ್, ಎರಡಕ್ಕೂ ಒಂದೇ ಚಿಮಣಿ ಇದ್ದುದರಿಂದ, ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಅಲ್ಲಿಗೆ ಬಂದು ಸಿಡಿದಿತ್ತು. ಇಂಥ ಕೊಳವೆಯನ್ನು ಬಿಟ್ಟು ಅಣುಬಾಂಬಿನ ಉಪಮೆ ಏಕೆ ಹುಡುಕಿದಿರೋ!

ಮುಂದಿನದು ನನಗೆ ಇನ್ನೂ ಚುಚ್ಚಿತು. "ವಿಕಿರಣ ಮಟ್ಟ 12 ಮಿಲಿಸೀವರ್ಟ್ ತಲುಪಿತು, ಸುರಕ್ಷಿತ ಮಿತಿ ಕೇವಲ 1." ಮಿಲಿಸೀವರ್ಟ್ ಎಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆ. ಡೆಸ್ಕಿನಲ್ಲಿ ನಾವು ಕೆಲಸ ಕಲಿಯುವಾಗ ಹಿರಿಯರು ಪ್ರತಿ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ "ಎಲ್ಲಿ? ಯಾವಾಗ? ಎಷ್ಟಕ್ಕೆ?" ಎಂದು ಗೀಚುತ್ತಿದ್ದರು. ನಿಮ್ಮ ಪ್ರತಿಯಲ್ಲಿ ನಾನೂ ಅದನ್ನೇ ಗೀಚಿದ್ದೇನೆ. ಮಾರ್ಚ್ 15ರ ಬೆಳಿಗ್ಗೆ 9ಕ್ಕೆ ಸ್ಥಾವರದ ಮುಖ್ಯ ಗೇಟಿನ ಬಳಿ ಅಳೆದದ್ದು ಗಂಟೆಗೆ 11.93 ಮಿಲಿಸೀವರ್ಟ್. ನಿಮ್ಮ 1, ಸಾರ್ವಜನಿಕರಿಗೆ ಇಡೀ ವರ್ಷಕ್ಕೆ ಇಟ್ಟ ಮಿತಿ. ಬಸ್ಸಿನ ವೇಗವನ್ನೂ ಊರಿನ ದೂರವನ್ನೂ ಕೂಡಿ ಕಳೆದಂತಾಯಿತು ಇದು. ಸರಿಯಾಗಿ ಬರೆದಿದ್ದರೆ ವಾಕ್ಯ ನಿಮ್ಮದಕ್ಕಿಂತ ಭೀಕರವಾಗುತ್ತಿತ್ತು: ಆ ದರದಲ್ಲಿ ವರ್ಷದ ಮಿತಿ ಐದೇ ನಿಮಿಷಕ್ಕೆ ಮುಗಿಯುತ್ತದೆ. ಜೊತೆಗೆ, ಆ ದರ ಅದೇ ದಿನ ಇಳಿಯಿತು ಎಂಬುದನ್ನೂ ಬರೆಯಬೇಕು.

ಟೋಕಿಯೋ ನೀರಿನ "210"ಕ್ಕೂ ಇದೇ ಗತಿ. ಮಾರ್ಚ್ 22ರಂದು ಕನಮಾಚಿ ಶುದ್ಧೀಕರಣ ಘಟಕದ ನೀರಿನಲ್ಲಿ ಕಿಲೋಗೆ 210 ಬೆಕೆರೆಲ್ (ವಿಕಿರಣಶೀಲತೆಯ ಅಳತೆ) ಅಯೋಡಿನ್-131 ಎಂದು ಬರೆಯಿರಿ. ಶಿಶುಗಳಿಗೆ ಮಿತಿ 100, ದೊಡ್ಡವರಿಗೆ 300 ಇತ್ತು. ಅದಿಲ್ಲದೆ ಶಿಶುಗಳಿರುವ ಮನೆಗಳಿಗಷ್ಟೇ ಬಾಟಲಿ ನೀರು ಹಂಚಿದ್ದು ಏಕೆಂದು ಓದುಗರಿಗೆ ತಿಳಿಯದು. ಅಯೋಡಿನ್-131ರ ಅರ್ಧಾಯು, ಅಂದರೆ ಅರ್ಧಕ್ಕಿಳಿಯಲು ಬೇಕಾದ ಕಾಲ, 8 ದಿನ; ಸ್ಥಾವರದಿಂದ ಹೊರಬಿದ್ದ ಇನ್ನೊಂದು ವಿಕಿರಣಶೀಲ ವಸ್ತು ಸೀಸಿಯಂ-137ರದು 30 ವರ್ಷ. ಅಯೋಡಿನ್ ಮಾತ್ರೆ ಥೈರಾಯ್ಡಿಗೆ ವಿಕಿರಣಶೀಲ ಅಯೋಡಿನ್ ಸೇರದಂತೆ ತಡೆಯುತ್ತದೆ ಅಷ್ಟೆ, ಸೀಸಿಯಂ ಮುಂದೆ ಅದರ ಆಟ ನಡೆಯದು. "ವಿಕಿರಣದಿಂದ ರಕ್ಷಿಸುವ ಮಾತ್ರೆ" ಎಂಬುದನ್ನು ಹೊಡೆದು ಹಾಕಿದ್ದೇನೆ.

ಇನ್ನು "20 ಕಿ.ಮೀ. ಆಚೆಗಿದ್ದವರು ಪಾರಾದರು" ಎಂಬ ಸಾಲು. 20 ಕಿ.ಮೀ. ಎಂಬುದು ಜನರನ್ನು ತೆರವುಗೊಳಿಸಲು ನಕಾಶೆಯ ಮೇಲೆ ಎಳೆದ ಗೆರೆ, ಗಾಳಿಗೆ ಅದು ಕಾಣುವುದಿಲ್ಲ. 15ರಂದು ದೊಡ್ಡ ಪ್ರಮಾಣದಲ್ಲಿ ಹೊರಬಿದ್ದದ್ದು 2ನೇ ಘಟಕದಿಂದ, ಅದರ ಕಟ್ಟಡ ಸಿಡಿದಿರಲೇ ಇಲ್ಲ. ಕಂಟೈನ್‌ಮೆಂಟ್ ಒತ್ತಡ ತಾಳದೆ ಸೋರಿತು. ಮಧ್ಯಾಹ್ನದ ಮೇಲೆ ಗಾಳಿ ವಾಯವ್ಯಕ್ಕೆ ತಿರುಗಿತು, ಸಂಜೆಯ ಮಳೆ-ಹಿಮ ಸೀಸಿಯಂ ಅನ್ನು ನೆಲಕ್ಕಿಳಿಸಿತು. ಹೆಚ್ಚಿನ ಭಾಗ 30 ಕಿ.ಮೀ. ಆಚೆಗಿರುವ ಈಟಾತೆ ಗ್ರಾಮ ಅದರಡಿ ಸಿಕ್ಕಿತು. ಅಲ್ಲಿನವರು ಊರು ಬಿಡಬೇಕೆಂಬ ಆದೇಶ ಬಂದದ್ದು ಏಪ್ರಿಲ್ 22ಕ್ಕೆ. ನಿಮ್ಮ ಲೇಖನದಲ್ಲಿ ಈಟಾತೆಯ ಹೆಸರೇ ಇಲ್ಲ. ಎಷ್ಟೋ ಸ್ಫೋಟದ ವರ್ಣನೆಗಳಿವೆ, ಸದ್ದಿಲ್ಲದೆ ಸೋರಿದ 2ನೆಯದಕ್ಕೆ ಅರ್ಧ ಸಾಲು.

ಕೊನೆಯ ಕೈಗಾ ಪ್ಯಾರಾ ತೆಗೆಯಿರಿ. ಅಲ್ಲಿರುವುದು ತಲಾ 220 ಮೆಗಾವ್ಯಾಟಿನ ನಾಲ್ಕು ಭಾರಜಲ ಘಟಕಗಳು, ಕಾಳಿ ನದಿಯ ಕದ್ರಾ ಹಿನ್ನೀರಿನ ದಡದಲ್ಲಿ. ಫುಕುಶಿಮಾದ್ದು ನೀರು ಒಳಗೇ ಕುದಿಯುವ ಬಗೆ. ಉಳಿಕೆ ಶಾಖ ಅಲ್ಲೂ ಇದ್ದದ್ದೇ, ಆದರೆ ಅದನ್ನು ಇಳಿಸುವ ಏರ್ಪಾಡು ಬೇರೆ. ಅದು ಇನ್ನೊಂದು ಲೇಖನಕ್ಕಾಗುವಷ್ಟಿದೆ, ನಾಲ್ಕು ಸಾಲಿನಲ್ಲಿ ಹೆದರಿಸಿ ಕೈತೊಳೆದುಕೊಳ್ಳುವಂಥದ್ದಲ್ಲ.

ತಿದ್ದಿ ಕಳಿಸಿ. ಮಾರ್ಚ್ 15ರ ಒಂದು ದಿನವನ್ನು ಗಂಟೆಗಂಟೆಗೆ ಬರೆದರೆ ಎರಡು ಪುಟ ಹೆಚ್ಚಾದರೂ ಜಾಗ ಕೊಡುತ್ತೇನೆ.

ಇಂತಿ,
ಸಂಪಾದಕ